ಯುಸಿ ನಿವೃತ್ತಿ ಯೋಜನೆ: ಪಿಂಚಣಿಗೆ ಐದಕ್ಕೆ ನಾಲ್ಕು, ಆರೋಗ್ಯ ವಿಮೆಗೆ ಎರಡೂವರೆ

ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ (ಯುಸಿ) ಕೆಲಸ ಸಿಕ್ಕವರು ಮೊದಲ ಕೆಲವು ವಾರಗಳಲ್ಲಿ ಹತ್ತಾರು ಫಾರಂಗಳಿಗೆ ಸಹಿ ಹಾಕುತ್ತಾರೆ. ಅವುಗಳಲ್ಲಿ ಮೂವತ್ತು ವರ್ಷದ ನಂತರವೂ ಬೆನ್ನು ಬಿಡದ್ದು ನಿವೃತ್ತಿ ಯೋಜನೆಯ ಫಾರಂ. ಬರ್ಕ್ಲಿ, ಡೇವಿಸ್, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ ಸೇರಿ ಹತ್ತೂ ಕ್ಯಾಂಪಸ್‌ಗಳಿಗೆ ಯೋಜನೆ ಒಂದೇ. ಅದರೊಳಗೆ ಇರುವುದು ಮಾತ್ರ ಎರಡು ಬೇರೆ ಸರಕು: ತಿಂಗಳ ಪಿಂಚಣಿ, ಮತ್ತು ನಿವೃತ್ತರ ಆರೋಗ್ಯ ವಿಮೆಗೆ ಯುಸಿ ಕೊಡುವ ಪಾಲು. ಎರಡೂ ಒಂದೇ ಗಂಟಿನಲ್ಲಿ ಬರುವುದರಿಂದ ಎರಡೂ ಒಂದೇ ಸಮ ಗಟ್ಟಿ ಎಂದು ಜನ ನಂಬಿಬಿಡುತ್ತಾರೆ. ಹಾಗಿಲ್ಲ. ಐದಕ್ಕೆ ನಾವು ಕೊಡುವ ಅಂಕ ಪಿಂಚಣಿಗೆ ನಾಲ್ಕು, ಆರೋಗ್ಯ ವಿಮೆಗೆ ಎರಡೂವರೆ.

ಮೊದಲು ಪಿಂಚಣಿ. ಯುಸಿಆರ್‌ಪಿ ಎಂಬ ಈ ಯೋಜನೆಯ ಲೆಕ್ಕ ಸರಳ: ಸೇವೆಯ ವರ್ಷಗಳು, ವಯಸ್ಸಿನ ದರ, ಮತ್ತು ಸತತ 36 ತಿಂಗಳ ಅತಿ ಹೆಚ್ಚಿನ ಸಂಬಳದ ಸರಾಸರಿ, ಈ ಮೂರರ ಗುಣಾಕಾರ. ಐದು ವರ್ಷದ ಸೇವೆ ತುಂಬಿದರೆ ಹಕ್ಕು ನಿಮ್ಮದು. ಅರ್ಧ ಹೊತ್ತಿನ ಕೆಲಸ ಒಂದು ವರ್ಷ ಮಾಡಿದರೆ ಅರ್ಧ ವರ್ಷದ ಸೇವೆ ಎಂದೇ ಲೆಕ್ಕ. ಕ್ಯಾಲೆಂಡರ್ ನೋಡಿ ಐದು ವರ್ಷವಾಯಿತೆಂದು ರಾಜೀನಾಮೆ ಕೊಟ್ಟವರು ಇಲ್ಲೇ ಎಡವುವುದು. ಬಳಸದೆ ಉಳಿದ ಸಿಕ್ ಲೀವ್ ಸೇವೆಗೆ ಜಮೆಯಾಗುತ್ತದೆ. ಹಾಗಾಗಿ ಕೊನೆಯ ವರ್ಷ ಅದನ್ನು ಸುಮ್ಮನೆ ಖರ್ಚು ಮಾಡುವುದು ಬೇಡ.

ಆಟವೆಲ್ಲ ಇರುವುದು ವಯಸ್ಸಿನ ದರದಲ್ಲಿ. 1976ರ ಶ್ರೇಣಿ ಎಂದು ಕರೆಯುವ ಹಳೆಯ ಯೋಜನೆಯಲ್ಲಿ ದರ 50ನೇ ವಯಸ್ಸಿಗೆ ಶೇ 1.10ರಿಂದ ಶುರುವಾಗಿ, ವರ್ಷಕ್ಕೆ 0.14ರಂತೆ ಏರಿ, 60ಕ್ಕೆ ಶೇ 2.5 ಮುಟ್ಟುತ್ತದೆ. 2013ರ ಜುಲೈ 1ರಿಂದ ಸೇರಿದವರಿಗೆ ಇಡೀ ಏಣಿಯನ್ನೇ ಐದು ವರ್ಷ ಮುಂದಕ್ಕೆ ತಳ್ಳಲಾಯಿತು: 55ಕ್ಕೆ ಶೇ 1.10, 65ಕ್ಕೆ ಶೇ 2.5. ಅಂದರೆ 60ಕ್ಕೆ ಸಿಗುವುದು ಶೇ 1.80.

ಕಾರ್ಮಿಕ ಸಂಘಗಳ ಕೆಲಸ ಕಾಣುವುದು ಇಲ್ಲಿ. ಆಸ್ಪತ್ರೆ ತಂತ್ರಜ್ಞರು, ಅಡುಗೆಯವರು, ಸ್ವಚ್ಛತಾ ಸಿಬ್ಬಂದಿಯ ಸಂಘವಾದ ಆಫ್ಸ್‌ಮಿ ಲೋಕಲ್ 3299, ದಾದಿಯರ ಸಿಎನ್‌ಎ, ಸಂಶೋಧನಾ ಮತ್ತು ತಾಂತ್ರಿಕ ಸಿಬ್ಬಂದಿಯ ಯುಪಿಟಿಇ, ಈ ಮೂರೂ ಚೌಕಾಸಿ ಮಾಡಿ 'ಮಾರ್ಪಡಿಸಿದ 2013ರ ಶ್ರೇಣಿ' ಎಂಬುದನ್ನು ಪಡೆದವು. ಸದಸ್ಯರ ಸಂಬಳದಿಂದ ಶೇ 7ರ ಬದಲು ಶೇ 9 ಕಡಿತ. ಅದಕ್ಕೆ ಪ್ರತಿಯಾಗಿ ಹಳೆಯ ಏಣಿ, 60ಕ್ಕೇ ಪೂರ್ತಿ ದರ.

ಲಾಭವೋ ನಷ್ಟವೋ? ತಿಂಗಳಿಗೆ 5,000 ಡಾಲರ್ ಸರಾಸರಿ ಸಂಬಳ, 20 ವರ್ಷ ಸೇವೆ, 60ಕ್ಕೆ ನಿವೃತ್ತಿ ಎಂದಿಟ್ಟುಕೊಳ್ಳಿ. ಸಾಮಾನ್ಯ 2013ರ ಶ್ರೇಣಿಯಲ್ಲಿ 20 × 1.80, ಅಂದರೆ ಶೇ 36: ತಿಂಗಳಿಗೆ 1,800 ಡಾಲರ್. ಶೇ 2.5ರ ದರದಲ್ಲಿ ಶೇ 50: 2,500 ಡಾಲರ್ (ಸರ್ಕಾರಿ ಪಿಂಚಣಿಯಾದ ಸೋಷಿಯಲ್ ಸೆಕ್ಯೂರಿಟಿಯ ಹೊಂದಾಣಿಕೆಯಂಥ ಸಣ್ಣ ಕಡಿತಗಳನ್ನು ಬದಿಗಿಟ್ಟು). ಹೆಚ್ಚಿಗೆ ಕಟ್ಟಿದ್ದು ತಿಂಗಳಿಗೆ 100 ಡಾಲರ್. 20 ವರ್ಷಕ್ಕೆ 24,000. ವ್ಯತ್ಯಾಸ ತಿಂಗಳಿಗೆ 700. ಬಡ್ಡಿ ಬಿಟ್ಟು ನೋಡಿದರೆ ಕಟ್ಟಿದ ಹಣ ಮೂರು ವರ್ಷದೊಳಗೆ ವಾಪಸ್. ಆದರೆ 65ರ ತನಕ ದುಡಿಯುವವರಿಗೆ ಎರಡೂ ಕಡೆ ದರ ಶೇ 2.5ರಲ್ಲೇ ನಿಲ್ಲುತ್ತದೆ, ಹೆಚ್ಚುವರಿ ಶೇ 2 ಕೈಬಿಟ್ಟ ಹಾಗೆಯೇ. ಮೇಜಿನ ಮುಂದೆ ಕೂರುವವರಿಗೆ 65 ಏನೂ ಅಲ್ಲ. ರೋಗಿಗಳನ್ನು ಎತ್ತಿ ಮಲಗಿಸುವ, ನೆಲ ಒರೆಸುವ, ದೊಡ್ಡ ಪಾತ್ರೆ ತಿಕ್ಕುವ ಮೈಗೆ 60ರಿಂದ 65ರ ನಡುವಿನ ಐದು ವರ್ಷ ಅಷ್ಟು ಸಲೀಸಲ್ಲ. ಸಂಘಗಳು ಸಂಬಳ ಏರಿಕೆಯಷ್ಟೇ ಬಿಗಿಯಾಗಿ ಈ ಸಂಖ್ಯೆಯನ್ನು ಹಿಡಿದುಕೊಂಡದ್ದು ಅದಕ್ಕೇ.

2018ರಲ್ಲಿ ಯುಸಿ ಮತ್ತೆ ಇದಕ್ಕೇ ಕೈ ಹಾಕಿತು: ಹೊಸಬರಿಗೆ 60ರ ಬದಲು 65, ಜೊತೆಗೆ ಪಿಂಚಣಿಯ ಬದಲು 401(ಕೆ) ಮಾದರಿಯ ಉಳಿತಾಯ ಖಾತೆಯ ಆಯ್ಕೆ. ಮೇ 7ರಿಂದ 9ರ ತನಕ ಆಫ್ಸ್‌ಮಿ ಮುಷ್ಕರ ಹೂಡಿತು. ಉಳಿದೆರಡು ಸಂಘಗಳೂ ಬೆಂಬಲಕ್ಕೆ ಹೊರಬಂದು ಸಂಖ್ಯೆ 50,000 ದಾಟಿತು. ಅಕ್ಟೋಬರ್‌ನಲ್ಲಿ ಮತ್ತೆ ಮೂರು ದಿನ. ಆಫ್ಸ್‌ಮಿ ಒಪ್ಪಂದಗಳು ಪೂರ್ತಿ ಇತ್ಯರ್ಥವಾಗುವಾಗ 2020 ಬಂದಿತ್ತು.

ಆ ಉಳಿತಾಯ ಖಾತೆ ಯಾವುದೇ ಸಂಘಕ್ಕೆ ಸೇರದ ಸಿಬ್ಬಂದಿಗೆ 2016ರ ಜುಲೈ 1ರಿಂದಲೇ ಇದೆ. ಹೆಸರು ಸೇವಿಂಗ್ಸ್ ಚಾಯ್ಸ್. ನಿಮ್ಮದು ಶೇ 7, ಯುಸಿಯದು ಶೇ 8. ಒಂದು ವರ್ಷಕ್ಕೇ ಹಕ್ಕು ಪಕ್ಕಾ, ಮಾರುಕಟ್ಟೆ ಬಿದ್ದರೆ ಹೊಡೆತವೂ ನಿಮ್ಮದೇ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ನೌಕರಿಗೆ ಸೇರಿದವರಿಗೆ ಹೆಚ್ಚು ವಿವರಣೆ ಬೇಡ, ಎನ್‌ಪಿಎಸ್‌ನ ಗೋಳು ಅವರಿಗೆ ಗೊತ್ತೇ ಇದೆ. ಇಲ್ಲಿ ಆಯ್ಕೆಗೆ ಸಿಗುವುದು 90 ದಿನ. ಸುಮ್ಮನಿದ್ದರೆ ತಾನಾಗಿ ಪಿಂಚಣಿಗೆ ಸೇರಿಸುತ್ತಾರೆ, ಸೋಮಾರಿತನಕ್ಕೆ ಇಷ್ಟು ಒಳ್ಳೆಯ ಫಲ ಬೇರೆಲ್ಲೂ ಸಿಗಲಿಕ್ಕಿಲ್ಲ! ಒಮ್ಮೆ ಪಿಂಚಣಿ ಆರಿಸಿದವರು ಉಳಿತಾಯಕ್ಕೆ ಹಾರುವಂತಿಲ್ಲ. ಐದು ವರ್ಷದೊಳಗೆ ಬಿಟ್ಟು ಹೋಗುವುದು ಖಚಿತ ಇದ್ದವರಿಗೆ ಸೇವಿಂಗ್ಸ್ ಚಾಯ್ಸ್ ಸರಿ. ಉಳಿದವರಿಗೆ ನಮ್ಮ ಸಲಹೆ ಪಿಂಚಣಿಯೇ. 2016ರ ಜುಲೈ 1ರಿಂದ ಸೇರಿದವರ ಶ್ರೇಣಿಯಲ್ಲಿ ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳಕ್ಕೆ ಮಿತಿ ಇದೆ ಎಂಬುದು ನೆನಪಿರಲಿ; ಆ ವರ್ಷ ಅದು 117,020 ಡಾಲರ್ ಇತ್ತು, ವರ್ಷವರ್ಷ ಪರಿಷ್ಕರಿಸುತ್ತಾರೆ.

ಪಿಂಚಣಿಗೆ ಐದಕ್ಕೆ ಐದು ಕೊಡದಿರಲು ಕಾರಣ ಹಳೆಯದು. 1990ರಿಂದ 2010ರ ತನಕ, ಹತ್ತಿರ ಹತ್ತಿರ ಇಪ್ಪತ್ತು ವರ್ಷ, ಯುಸಿಯೂ ನೌಕರರೂ ಈ ನಿಧಿಗೆ ಕಂತು ಕಟ್ಟಲಿಲ್ಲ. ನಿಧಿ ತುಂಬಿ ತುಳುಕುತ್ತಿದೆ, ಯಾಕೆ ಕಟ್ಟಬೇಕು ಎಂಬ ಲೆಕ್ಕಾಚಾರ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎನ್ನುವುದು ಅಲ್ಲೂ ಸುಳ್ಳಾಗಲಿಲ್ಲ. 2010ರ ಏಪ್ರಿಲ್‌ನಲ್ಲಿ ಕಂತು ಮತ್ತೆ ಶುರುವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಯುಸಿಯನ್ನು ಆಳುವ ರೀಜೆಂಟ್ಸ್ ಮಂಡಳಿ ಹೊಸಬರ ವಯಸ್ಸನ್ನು ಏರಿಸಿತು. ಕಂತಿನ ರಜೆ ಅನುಭವಿಸಿದವರು ಒಬ್ಬರು, ಬಿಲ್ ಕಟ್ಟುತ್ತಿರುವವರು ಇನ್ನೊಬ್ಬರು.

ಇನ್ನು ಆರೋಗ್ಯ ವಿಮೆ. ಪಿಂಚಣಿ ಗಳಿಸಿದ ಹಕ್ಕು, ಅದಕ್ಕೆ ಟ್ರಸ್ಟ್ ನಿಧಿ ಇದೆ. ಆರೋಗ್ಯ ವಿಮೆಯ ಪಾಲು ಹಾಗಲ್ಲ. ಆಯಾ ವರ್ಷದ ಖರ್ಚನ್ನು ಆಯಾ ವರ್ಷ ತೂಗಿಸಿಕೊಂಡು ಹೋಗುವ ವ್ಯವಸ್ಥೆ. ಇದು ಗಳಿಸಿದ ಹಕ್ಕಲ್ಲ, ಬದಲಾಯಿಸಬಹುದು, ನಿಲ್ಲಿಸಲೂಬಹುದು ಎಂದು ಯುಸಿಯೇ ತನ್ನ ಪುಸ್ತಿಕೆಗಳಲ್ಲಿ ಅಚ್ಚು ಹಾಕುತ್ತದೆ. ಓದುವವರು ಕಡಿಮೆ. ನಿವೃತ್ತರ ಒಟ್ಟು ಪ್ರೀಮಿಯಂನಲ್ಲಿ ಯುಸಿ ಪಾಲು ಶೇ 70ಕ್ಕಿಂತ ಕೆಳಗೆ ಹೋಗಬಾರದು ಎಂಬ ತಳಮಿತಿ 2010ರಲ್ಲಿ ಬಂತು. ರೀಜೆಂಟ್ಸ್ ಮಂಡಳಿಯ 2017ರ ಜುಲೈ ಸಭೆಯ ಕಾರ್ಯಸೂಚಿಯಲ್ಲಿ ಆ ತಳಮಿತಿಯನ್ನೇ ತೆಗೆಯುವ ಪ್ರಸ್ತಾವ ಸದ್ದಿಲ್ಲದೆ ಕಾಣಿಸಿಕೊಂಡಿತು. ಸಂಘಗಳು, ನಿವೃತ್ತರು, ಅಧ್ಯಾಪಕರು ಎಲ್ಲರೂ ಗದ್ದಲ ಎಬ್ಬಿಸಿದ ಮೇಲೆ ಸಭೆಗೆ ಮುಂಚೆಯೇ ಅದನ್ನು ಹಿಂದಕ್ಕೆ ಪಡೆದರು. ಕಾರ್ಯಸೂಚಿಯನ್ನು ಯಾರೂ ಓದದೇ ಹೋಗಿದ್ದರೆ?

2013ರ ಜುಲೈ 1ರಿಂದ ಸೇರಿದ ಸಾಮಾನ್ಯ ಸಿಬ್ಬಂದಿಗೆ ಅರ್ಹತೆ ವಯಸ್ಸು ಮತ್ತು ಸೇವೆ ಎರಡನ್ನೂ ಕೇಳುತ್ತದೆ. ಕನಿಷ್ಠ 56 ವರ್ಷ ಮತ್ತು 10 ವರ್ಷ ಸೇವೆ ಇಲ್ಲದಿದ್ದರೆ ಯುಸಿ ಪಾಲು ಶೂನ್ಯ. 65ಕ್ಕೆ 10 ವರ್ಷವಿದ್ದರೆ ಗರಿಷ್ಠ ಪಾಲಿನ ಅರ್ಧ. ಪೂರ್ತಿ ಬೇಕೆಂದರೆ 65 ಮತ್ತು 20 ವರ್ಷ. 'ಪೂರ್ತಿ' ಎಂದರೆ ಇಡೀ ಪ್ರೀಮಿಯಂ ಅಲ್ಲ, ಯುಸಿ ಆ ವರ್ಷ ನಿಗದಿ ಮಾಡಿದ ಗರಿಷ್ಠ ಪಾಲಿನ ಶೇ 100 ಅಷ್ಟೇ. ಹೊರಗುತ್ತಿಗೆ ಕಂಪನಿಯ ಮೂಲಕ ಅದೇ ಆಸ್ಪತ್ರೆಯಲ್ಲಿ ಅದೇ ಕೆಲಸ ಮಾಡುವವರಿಗೆ ಪಿಂಚಣಿಯೂ ಇಲ್ಲ, ಇದೂ ಇಲ್ಲ. 2019ರ ನವೆಂಬರ್‌ನಲ್ಲಿ ಆಫ್ಸ್‌ಮಿ ಹೊರಗುತ್ತಿಗೆಯ ವಿರುದ್ಧ ಬೀದಿಗಿಳಿದದ್ದು ಪಿಂಚಣಿಯ ಜಗಳದಿಂದ ದೂರದ್ದೇನೂ ಅಲ್ಲ.

ಸೌಲಭ್ಯ ಕೈತಪ್ಪುವುದು ಬಹುಪಾಲು ದಿನಾಂಕದ ತಪ್ಪಿನಿಂದ. ಕೆಲಸ ಬಿಟ್ಟ 120 ದಿನದೊಳಗೆ ನಿವೃತ್ತಿ ಶುರುವಾಗಬೇಕು. 'ಈಗ ಬಿಡುತ್ತೇನೆ, ದರ ಏರಿದ ಮೇಲೆ ಪಿಂಚಣಿ ತೆಗೆದುಕೊಳ್ಳುತ್ತೇನೆ' ಎಂದವರ ಪಿಂಚಣಿ ಏರುತ್ತದೆ, ಆರೋಗ್ಯ ವಿಮೆ ಮಾತ್ರ ಮತ್ತೆ ಬರುವುದಿಲ್ಲ. 1976ರ ಶ್ರೇಣಿಯವರಿಗೆ ಇನ್ನೊಂದು ಬಲೆ ಇದೆ: ತಿಂಗಳ ಪಿಂಚಣಿಯ ಬದಲು ಇಡಿಗಂಟು ತೆಗೆದುಕೊಳ್ಳಬಹುದು. ಹಾಗೆ ಮಾಡಿದ ಕ್ಷಣ ನಿವೃತ್ತರ ಆರೋಗ್ಯ ವಿಮೆಯೂ ಹೋಯಿತು, ವಾರ್ಷಿಕ ಏರಿಕೆಯೂ ಹೋಯಿತು. ಆ ಏರಿಕೆಗೂ ದಿನಾಂಕವಿದೆ. ಜುಲೈ 1ಕ್ಕೆ ಅಥವಾ ಅದಕ್ಕೆ ಮುಂಚೆ ನಿವೃತ್ತರಾದರೆ ಮುಂದಿನ ಜುಲೈ 1ಕ್ಕೆ ಮೊದಲ ಏರಿಕೆ. ಜುಲೈ 2 ಆಯಿತೋ, ಇನ್ನೊಂದು ವರ್ಷ ಕಾಯಬೇಕು.

ಅರ್ಜಿಯನ್ನು ಮೂರು ತಿಂಗಳು ಮುಂಚೆಯೇ ಹಾಕಿ. ಯುಸಿರೇಸ್ ಎಂಬ ಆನ್‌ಲೈನ್ ಪೋರ್ಟಲ್‌ನಲ್ಲಿ ಸೇವೆಯ ವರ್ಷಗಳು ಸರಿಯಿವೆಯೇ ಎಂದು ಮೊದಲು ನೋಡಿ. ಸಂಬಳವಿಲ್ಲದ ರಜೆಯ ತಿಂಗಳುಗಳು ಬಿಟ್ಟುಹೋಗಿರುತ್ತವೆ, ಅವನ್ನು ದುಡ್ಡು ಕಟ್ಟಿ ಮರಳಿ ಪಡೆಯುವ ದಾರಿಯಿದ್ದರೂ ನಿವೃತ್ತಿಗೆ ಮುಂಚೆಯೇ ಕೇಳಬೇಕು. ಯಾವ ಯೂನಿಟ್ (ಯಾವ ಸಂಘದ ಒಪ್ಪಂದದ ಗುಂಪು), ಯಾವ ಶ್ರೇಣಿ ಎಂಬುದನ್ನು ಬಾಯಿಮಾತಿಗೆ ಬಿಡದೆ ಬರಹದಲ್ಲಿ ತೆಗೆದುಕೊಳ್ಳಿ. ಸಂಘದ ಕೆಲಸದಿಂದ ಸಂಘವಿಲ್ಲದ ಹುದ್ದೆಗೆ ಬಡ್ತಿ ಪಡೆದವರ ದಾಖಲೆಗಳಲ್ಲಿ ಗೊಂದಲ ಹೆಚ್ಚು.

ಕೊನೆಯದಾಗಿ, ನಿವೃತ್ತರಾಗಿ ಮೈಸೂರಿಗೋ ಬೆಂಗಳೂರಿಗೋ ಮರಳುವ ಯೋಚನೆ ಇದ್ದವರಿಗೆ. ಪಿಂಚಣಿ ಎಲ್ಲಿದ್ದರೂ ಬರುತ್ತದೆ. ಆರೋಗ್ಯದ ಕಥೆ ಬೇರೆ: 65 ದಾಟಿದ ಮೇಲೆ ಯುಸಿ ವಿಮೆ ಅಮೆರಿಕ ಸರ್ಕಾರದ ಹಿರಿಯರ ವಿಮೆಯಾದ ಮೆಡಿಕೇರ್ ಮೇಲೆ ನಿಂತಿರುತ್ತದೆ, ಸಾಮಾನ್ಯವಾಗಿ ಅದರ ಪಾರ್ಟ್ ಬಿ (ವೈದ್ಯರ ಶುಲ್ಕದ ಭಾಗ) ಕಟ್ಟಬೇಕು, ಮೆಡಿಕೇರ್ ಭಾರತದ ಆಸ್ಪತ್ರೆಯ ಬಿಲ್ ಕೊಡುವುದಿಲ್ಲ. ಪಾರ್ಟ್ ಬಿ ಬಿಟ್ಟು, ಐದಾರು ವರ್ಷದ ಮೇಲೆ ಮಕ್ಕಳ ಮನೆಗೆಂದು ವಾಪಸಾದರೆ, ತಡವಾದ ಪ್ರತಿ 12 ತಿಂಗಳಿಗೆ ಶೇ 10ರಂತೆ ಹೆಚ್ಚುವರಿ ಪ್ರೀಮಿಯಂ, ಜೀವಮಾನಪೂರ್ತಿ. ಟಿಕೆಟ್ ಬುಕ್ ಮಾಡುವ ಮುಂಚೆ ಇದೊಂದು ಲೆಕ್ಕ ಹಾಕಿಕೊಳ್ಳಿ.