ಗೋಬಿ ಮಂಚೂರಿ: ಬಾಣಲೆ, ಏರ್ ಫ್ರೈಯರ್, ಪಡ್ಡಿನ ಕಾವಲಿ

ಗೋಬಿ ಮಂಚೂರಿಯನ್ನು ಮನೆಯಲ್ಲಿ ಮೂರು ಥರ ಮಾಡಿ ನೋಡಿದ್ದೇನೆ. ಬಾಣಲೆ ತುಂಬ ಎಣ್ಣೆಯಿಟ್ಟು ಕರಿದಿದ್ದೇನೆ, ಏರ್ ಫ್ರೈಯರ್‌ನಲ್ಲಿ ಇಟ್ಟಿದ್ದೇನೆ, ಪಡ್ಡಿನ ಕಾವಲಿಯ ಗುಳಿಗಳಲ್ಲಿ ಬೇಯಿಸಿದ್ದೇನೆ. ನಮ್ಮ ಮನೆಯಲ್ಲಿ ಕೊನೆಗೆ ಉಳಿದುಕೊಂಡದ್ದು ಪಡ್ಡಿನ ಕಾವಲಿ. ಆದರೆ ಉಳಿದೆರಡನ್ನೂ ತಳ್ಳಿಹಾಕುವಂತಿಲ್ಲ, ಅದಕ್ಕೇ ಈ ಹೋಲಿಕೆ.

ಶಿವಮೊಗ್ಗದಲ್ಲಿ ಸಂಜೆ ಮಳೆ ಹಿಡಿದರೆ ಮನೆಯವರಿಗೆಲ್ಲ ಬಿಸಿಯಾಗಿ, ಖಾರವಾಗಿ ಏನಾದರೂ ಬೇಕು. ಊರಿನ ಯಾವ ಸರ್ಕಲ್‌ಗೆ ಹೋದರೂ ಗೋಬಿ ಗಾಡಿ ಸಿಗುತ್ತದೆ. ನಾಲ್ಕು ಜನ ಹೋಟೆಲ್‌ನಲ್ಲಿ ಕೂತು ತಿಂದರೆ ಮುನ್ನೂರು ನಾನೂರು ರೂಪಾಯಿ ಸುಲಭವಾಗಿ ಆಗುತ್ತದೆ. ಮನೆಯಲ್ಲಿ ಹೂಕೋಸು, ಈರುಳ್ಳಿ, ದೊಣ್ಣೆಮೆಣಸು, ಹಿಟ್ಟು, ಸಾಸ್, ಎಣ್ಣೆ ಎಲ್ಲ ಸೇರಿದರೂ ನೂರರಿಂದ ನೂರಿಪ್ಪತ್ತರೊಳಗೆ ಮುಗಿಯುತ್ತದೆ. ದುಡ್ಡಿನ ವಿಷಯ ಅಷ್ಟೇ, ಅದರಲ್ಲಿ ಚರ್ಚೆಗೆ ಏನೂ ಇಲ್ಲ. ಚರ್ಚೆ ಇರುವುದು ಎಣ್ಣೆ ಮತ್ತು ಬಣ್ಣದ ಬಗ್ಗೆ.

ಮೂರು ವಿಧಾನಕ್ಕೂ ಹಿಟ್ಟು ಒಂದೇ ಇಟ್ಟುಕೊಂಡೆ. ಮೈದಾ ಬಿಟ್ಟು ಅಕ್ಕಿಹಿಟ್ಟು ಐದು ಚಮಚ, ಕಾರ್ನ್‌ಫ್ಲೋರ್ ಮೂರು ಚಮಚ. ಅಕ್ಕಿಹಿಟ್ಟು ಮೈದಾಕ್ಕಿಂತ ಕಡಿಮೆ ಎಣ್ಣೆ ಕುಡಿಯುತ್ತದೆ, ಗರಿಗರಿಯೂ ಹೆಚ್ಚು ಹೊತ್ತು ಇರುತ್ತದೆ. ಹೂಕೋಸನ್ನು ಬಿಡಿಸಿ, ಉಪ್ಪು ಅರಿಸಿನ ಹಾಕಿದ ಕುದಿಯುವ ನೀರಿನಲ್ಲಿ ಎರಡು ನಿಮಿಷ ಬಿಟ್ಟು ಸೋಸಬೇಕು. ಒಳಗಿನ ಹುಳ ಹೊರಬರುತ್ತದೆ, ಅರ್ಧ ಬೆಂದೂ ಇರುತ್ತದೆ. ಆಮೇಲಿನ ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ: ಒಣಗಿಸುವುದು. ಆಷಾಢದಲ್ಲಿ ಮಲೆನಾಡಿನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಹೂಕೋಸು ತಾನಾಗಿ ಒಣಗುತ್ತದೆಯೇ? ಹತ್ತಿ ಬಟ್ಟೆಯ ಮೇಲೆ ಹರಡಿ ಫ್ಯಾನ್ ಕೆಳಗೆ ಅರ್ಧ ಗಂಟೆ ಇಡಿ. ಹಿಟ್ಟನ್ನು ದೋಸೆ ಹಿಟ್ಟಿನ ಹಾಗೆ ಕಲಸಬೇಡಿ. ಹೂಕೋಸಿನ ಮೇಲೆ ಒಣಹಿಟ್ಟು ಉದುರಿಸಿ, ನೀರು ಚಿಮುಕಿಸುತ್ತ ಕೈಯಲ್ಲೇ ಹಚ್ಚಿ.

ಮೊದಲು ಬಾಣಲೆ. ರುಚಿಯಲ್ಲಿ ಇದೇ ಮುಂದು, ಅದನ್ನು ಒಪ್ಪಲೇಬೇಕು. ಹೊರಗೆ ಎಲ್ಲ ಕಡೆ ಒಂದೇ ಸಮ ಗರಿಗರಿ, ಒಳಗೆ ಮೆತ್ತಗೆ, ಹತ್ತು ಹನ್ನೆರಡು ನಿಮಿಷದಲ್ಲಿ ನಾಲ್ಕು ಜನಕ್ಕೆ ತಯಾರು. ಎಣ್ಣೆಯನ್ನು ಅಳೆದು ನೋಡಿದೆ. ಅರ್ಧ ಲೀಟರ್ ಹಾಕಿದ್ದರಲ್ಲಿ ಕರಿದು ಆರಿದ ಮೇಲೆ ಸುಮಾರು 80 ಮಿಲಿ ಕಡಿಮೆಯಾಗಿತ್ತು. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ ಎಂದರೆ ಗೋಬಿಯೊಳಗೆ ಹೋದ ಎಣ್ಣೆಯದ್ದೇ 650 ಕ್ಯಾಲೊರಿಯ ಹತ್ತಿರ. ಅದಕ್ಕಿಂತ ನನಗೆ ತಲೆಬಿಸಿಯಾದದ್ದು ಬಾಣಲೆಯಲ್ಲಿ ಮಿಕ್ಕ ಎಣ್ಣೆ. ಕಾದು ಕಾದು ಕೆಡುವ ಎಣ್ಣೆಯಲ್ಲಿ ಹುಟ್ಟಿಕೊಳ್ಳುವ ಪೋಲಾರ್ ಸಂಯುಕ್ತಗಳೆಂಬ ವಸ್ತುಗಳು ಶೇ 25 ಮೀರಿದರೆ ಅದನ್ನು ಅಡುಗೆಗೆ ಬಳಸಬಾರದು ಎಂಬ ನಿಯಮ ದೇಶದಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯುವವರು ಯಾರು? ಸೋಸಿಟ್ಟು ಎರಡು ದಿನದೊಳಗೆ ಒಗ್ಗರಣೆಗೆ ಮುಗಿಸಬಹುದು, ಮತ್ತೆ ಕರಿಯಲು ಮಾತ್ರ ಬೇಡ. ಅರ್ಧ ಲೀಟರ್ ಒಗ್ಗರಣೆ ಯಾರ ಮನೆಯಲ್ಲೂ ಎರಡು ದಿನಕ್ಕೆ ಆಗುವುದಿಲ್ಲ. ಹಾಗಾಗಿ ಕರಿಯಲೇಬೇಕೆಂದರೆ ಚಿಕ್ಕ, ಆಳದ ಬಾಣಲೆಯಲ್ಲಿ ಕಾಲು ಲೀಟರ್ ಸಾಕು, ಸ್ವಲ್ಪ ಸ್ವಲ್ಪವಾಗಿ ಬಿಡಿ. ಎಣ್ಣೆ ಸರಿಯಾಗಿ ಕಾಯುವ ಮೊದಲೇ ಬಿಟ್ಟರೆ ಹಿಟ್ಟು ಹೆಚ್ಚು ಎಣ್ಣೆ ಹೀರಿಬಿಡುತ್ತದೆ.

ಏರ್ ಫ್ರೈಯರ್‌ಗೆ ಎರಡು ಟೀ ಚಮಚ ಎಣ್ಣೆ ಸಾಕು, ಅಂದರೆ 10 ಮಿಲಿ. ಎಣ್ಣೆಯ ಲೆಕ್ಕದಲ್ಲಿ ಇದರ ಹತ್ತಿರ ಯಾವುದೂ ಬರುವುದಿಲ್ಲ. 180 ಡಿಗ್ರಿಯಲ್ಲಿ ಹದಿನೆಂಟರಿಂದ ಇಪ್ಪತ್ತು ನಿಮಿಷ, ನಡುವೆ ಒಮ್ಮೆ ತಿರುವಿ ಹಾಕಬೇಕು. ತೊಂದರೆ ಹಿಟ್ಟಿನದ್ದು. ಎಣ್ಣೆ ತಾಗದ ಜಾಗದಲ್ಲಿ ಅಕ್ಕಿಹಿಟ್ಟು ಬೆಳ್ಳಗೆ, ಹಸಿಹಸಿಯಾಗಿಯೇ ಉಳಿಯುತ್ತದೆ, ತಿಂದರೆ ಬಾಯಲ್ಲಿ ಪುಡಿ ಸಿಗುತ್ತದೆ. ಎಣ್ಣೆಯನ್ನು ಹಿಟ್ಟಿಗೇ ಕಲಸಿದಾಗ ಇದು ಬಹಳ ಮಟ್ಟಿಗೆ ಸರಿಹೋಯಿತು. ಇನ್ನೊಂದು, ಬುಟ್ಟಿಯಲ್ಲಿ ಒಂದೇ ಪದರ ಹರಡಬೇಕಾದ್ದರಿಂದ ನಾಲ್ಕು ಜನಕ್ಕೆ ಎರಡು ಸಲ ಇಡಬೇಕು. ಎರಡನೆಯದು ಆಗುವಷ್ಟರಲ್ಲಿ ಮಳೆಗಾಲದ ತೇವಕ್ಕೆ ಮೊದಲನೆಯದು ಮೆತ್ತಗಾಗಿರುತ್ತದೆ. 1500 ವ್ಯಾಟ್ ಯಂತ್ರ ನಲವತ್ತು ನಿಮಿಷ ಓಡಿದರೆ ಒಂದು ಯೂನಿಟ್ ಕರೆಂಟ್, ಅದೇನೂ ಭಾರವಲ್ಲ. ಆದರೆ ಗೋಬಿ ತಿನ್ನಬೇಕು ಅನ್ನಿಸುವ ಮಳೆಯಲ್ಲೇ ನಮ್ಮ ಕಡೆ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪಡ್ಡಿನ ಕಾವಲಿ ಎಲ್ಲರ ಮನೆಯಲ್ಲೂ ಇದೆ. ಗುಳಿಗೆ ಹಿಡಿಯುವಷ್ಟು ಗಾತ್ರಕ್ಕೆ ಹೂಕೋಸು ಬಿಡಿಸಿ, ಗುಳಿಗೆ ಕಾಲು ಟೀ ಚಮಚ ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಮೂರು ನಿಮಿಷ ಮುಚ್ಚಿಡಿ. ಆಮೇಲೆ ಮುಚ್ಚಳ ತೆಗೆದು, ಕಡ್ಡಿಯಲ್ಲಿ ತಿರುವುತ್ತ ಉರಿ ಸ್ವಲ್ಪ ಏರಿಸಿ. ಮುಚ್ಚಿದಾಗ ಒಳಗೆ ಬೇಯುತ್ತದೆ, ತೆರೆದಾಗ ಹೊರಗೆ ಗರಿಯಾಗುತ್ತದೆ. ಚಪ್ಪಟೆ ತವಾದಲ್ಲಿ ಎಣ್ಣೆ ಹರಡಿ ಹೋಗುತ್ತದೆ. ಗುಳಿಯಲ್ಲಿ ಅದು ತಳದಲ್ಲೇ ನಿಂತು ಹೂಕೋಸಿನ ಸುತ್ತ ಹತ್ತುತ್ತದೆ, ಅದೇ ಇದರ ಗುಟ್ಟು. ಒಂದು ಹೂಕೋಸಿಗೆ ಒಟ್ಟು 30 ಮಿಲಿ ಎಣ್ಣೆ ಹಿಡಿಯಿತು. ಗರಿಗರಿ ಬಾಣಲೆಯದ್ದಕ್ಕೆ ತೀರ ಹತ್ತಿರ. ಬೀಡಿನ ಕಾವಲಿ ನಾನ್‌ಸ್ಟಿಕ್‌ಗಿಂತ ಬಹಳ ಮೇಲು, ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೊರತೆ ಎಂದರೆ ಸಮಯ. ಮುಕ್ಕಾಲು ಗಂಟೆ ಒಲೆಯ ಮುಂದೆ ನಿಲ್ಲಬೇಕು, ಬೇರೆ ಕೆಲಸ ನೋಡಲಾಗುವುದಿಲ್ಲ.

ತಟ್ಟೆಗೆ ಹಾಕಿದಾಗ ಮಗಳ ಪ್ರಶ್ನೆ: "ಅಮ್ಮ, ಗಾಡೀದು ಕೆಂಪಗಿರುತ್ತೆ, ಇದ್ಯಾಕೆ ಕಂದು?" ಮಕ್ಕಳು ಮೊದಲು ನೋಡುವುದು ಬಣ್ಣವನ್ನೇ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್‌ನಂಥ ಬಣ್ಣಗಳು ಸಿಕ್ಕಿದ್ದವು. ಅಷ್ಟು ಕೆಂಪು ಬೇಕೇ ಬೇಕೆಂದರೆ ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಇದೆಯಲ್ಲ. ಅದರಲ್ಲೂ ಡಬ್ಬಿ ಜಾತಿಯದ್ದು, ಖಾರ ಕಡಿಮೆ, ಬಣ್ಣ ಧಾರಾಳ. ನಾಲ್ಕೈದು ಮೆಣಸಿನಕಾಯಿಯ ಬೀಜ ತೆಗೆದು, ಬಿಸಿನೀರಿನಲ್ಲಿ ನೆನೆಸಿ, ಒಂದು ಟೊಮೆಟೊ ಜೊತೆ ನುಣ್ಣಗೆ ರುಬ್ಬಿದರೆ ಸಾಸ್‌ಗೆ ಬೇಕಾದ ಕೆಂಪು ಬರುತ್ತದೆ. ಗಾಡಿಯಷ್ಟು ಹೊಳೆಯುವ ಕೆಂಪಲ್ಲ, ಆದರೂ ಮಗಳು ಒಪ್ಪಿದಳು.

ಸಾಸ್‌ನಲ್ಲಿ ಮಲೆನಾಡಿನ ಅಡುಗೆಮನೆ ಬಹಳ ನೆರವಿಗೆ ಬರುತ್ತದೆ. ಅಂಗಡಿಯ ಟೊಮೆಟೊ ಕೆಚಪ್‌ನಲ್ಲಿ ಸುಮಾರು ಕಾಲು ಭಾಗ ಸಕ್ಕರೆ. ಅದರ ಬದಲು ಮೇಲಿನ ರುಬ್ಬಿದ್ದಕ್ಕೆ ಒಂದು ಚಮಚ ಜೋನಿ ಬೆಲ್ಲ (ನೀರಾಗಿರುವ ಬೆಲ್ಲ) ಹಾಕಿದೆ. ಸಿಹಿ ಹದವಾಗಿ ಬಂತು, ಹೋಟೆಲ್‌ನದ್ದರಂಥ ಹೊಳಪೂ ಬಂತು. ಗ್ರೀನ್ ಚಿಲ್ಲಿ ಸಾಸ್ ಬದಲು ಎರಡು ಸೂಜಿಮೆಣಸು (ತೀರ ಚಿಕ್ಕ, ಬಹಳ ಖಾರದ ಮೆಣಸಿನಕಾಯಿ) ಜಜ್ಜಿ ಹಾಕಿ. ವಿನೆಗರ್ ಬದಲು ನಿಂಬೆರಸ, ಒಲೆ ಆರಿಸಿದ ಮೇಲೆ. ಸೋಯಾ ಸಾಸ್‌ಗೆ ಮಾತ್ರ ನನಗೆ ಬದಲಿ ಸಿಗಲಿಲ್ಲ. ಒಂದು ದೊಡ್ಡ ಚಮಚದಲ್ಲಿ 900 ಮಿಲಿಗ್ರಾಂ ಹತ್ತಿರ ಸೋಡಿಯಂ ಇರುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಹೇಳುವ ಮಿತಿ 2000. ಬಿಪಿ ಇರುವ ಅತ್ತೆಗಾಗಿ ಇಡೀ ಬಾಣಲೆಗೆ ಒಂದೇ ಚಮಚ ಹಾಕಿ, ಬೇರೆ ಉಪ್ಪು ಹಾಕುವುದನ್ನೇ ಬಿಟ್ಟೆ. ಬೆಳ್ಳುಳ್ಳಿ, ಶುಂಠಿ, ಈರುಳ್ಳಿ ಸೊಪ್ಪು ಕೈತುಂಬ ಹಾಕಿದರೆ ಉಪ್ಪು ಕಡಿಮೆಯಾದದ್ದು ಗೊತ್ತಾಗುವುದಿಲ್ಲ. ಸಾಸ್ ಗಟ್ಟಿಯಾದ ಮೇಲೆ, ತಿನ್ನುವವರು ತಟ್ಟೆಯ ಮುಂದೆ ಕೂತ ಮೇಲೆಯೇ ಗೋಬಿ ಸೇರಿಸಿ ತಿರುವಿ.

ಹೋಟೆಲ್‌ನ ದೊಡ್ಡ ಉರಿಯಲ್ಲಿ ಬರುವ ಆ ಸುಟ್ಟ ಪರಿಮಳ ಮನೆ ಒಲೆಯಲ್ಲಿ ಬರಲಿಲ್ಲ. ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ ಈರುಳ್ಳಿ, ದೊಣ್ಣೆಮೆಣಸನ್ನು ಬೇಗ ಬೇಗ ಹುರಿದರೆ ಅರ್ಧದಷ್ಟು ಸಿಗುತ್ತದೆ.

ಇದೇ ಮೂರು ವಿಧಾನವನ್ನು ಅಣಬೆಗೂ ಹಿಡಿದಾಗ ಲೆಕ್ಕ ತಿರುಗಿತು. ಬಟನ್ ಅಣಬೆಯಲ್ಲಿ ಹೆಚ್ಚು ಪಾಲು ನೀರೇ. ಪಡ್ಡಿನ ಗುಳಿಯಲ್ಲಿ ಅದು ಬಿಟ್ಟ ನೀರು ಅಲ್ಲೇ ನಿಂತು ಹಿಟ್ಟು ಗಂಜಿಯಾಗುತ್ತದೆ, ಬಾಣಲೆಯಲ್ಲಿ ಎಣ್ಣೆ ಸಿಡಿಯುತ್ತದೆ. ಏರ್ ಫ್ರೈಯರ್‌ನ ಬಿಸಿಗಾಳಿ ಆ ನೀರನ್ನು ಒಣಗಿಸಿಬಿಡುತ್ತದೆ. ಅಣಬೆ ಮಂಚೂರಿಯ ದಿನ ಮಾತ್ರ, ಕರೆಂಟ್ ಇದ್ದರೆ, ನಾನು ಅದನ್ನೇ ಹೊರಗೆ ತೆಗೆಯುವುದು.