ಎನ್‌ಟಿಪಿಗೆ ಭದ್ರತೆ: ಹಂಚಿಕೊಂಡ ಕೀಲಿಯೋ, ಎನ್‌ಟಿಎಸ್ಸೋ?

ಜಾಲದ ಮೂಲಕ ಗಡಿಯಾರ ಹೊಂದಿಸುವ ವಿಧಾನ ಎನ್‌ಟಿಪಿ. ಬಂದ ಸಮಯ ನಂಬಿಕೆಯ ಸರ್ವರಿನದೇ ಎಂದು ಪರೀಕ್ಷಿಸಲು ಇಲ್ಲಿ ಎರಡು ದಾರಿ: ಹಂಚಿಕೊಂಡ ಕೀಲಿ, ಇಲ್ಲವೇ ಎನ್‌ಟಿಎಸ್. ಒಂದು ಸಿಸ್ಕೋ ಸ್ವಿಚ್, ಕ್ರೋನಿ (ಎನ್‌ಟಿಪಿ ತಂತ್ರಾಂಶ) ಹಾಕಿದ ಡೆಬಿಯನ್ ಸರ್ವರ್, ಒಂದು ರಾಸ್ಪ್‌ಬೆರಿ ಪೈ 4. ಹೋಲಿಕೆ ಈ ಮೂರರ ಮೇಲೆ. ಎನ್‌ಟಿಪಿಯ ಹಳೆಯ ಭದ್ರತಾ ವಿಧಾನವಾದ ಆಟೋಕೀ ಇಲ್ಲಿಲ್ಲ, ಅದರ ಭದ್ರತೆ ಮುರಿದು ಬಹಳ ಕಾಲವಾಯಿತು.

ಹಂಚಿಕೊಂಡ ಕೀಲಿಯೆಂದರೆ ಎರಡೂ ಕಡೆ ಅದೇ ನಂಬರ್, ಅದೇ ಗುಟ್ಟು; ಅದರಿಂದಲೇ ಪ್ಯಾಕೆಟ್‌ಗಳಿಗೆ ಸಹಿ ಬೀಳುತ್ತದೆ. ಸ್ವಿಚ್‌ನಲ್ಲಿ ನಾಲ್ಕು ಸಾಲು ಸಾಕು: ಎನ್‌ಟಿಪಿ ಅಥೆಂಟಿಕೇಶನ್-ಕೀ, ಟ್ರಸ್ಟೆಡ್-ಕೀ, ಅಥೆಂಟಿಕೇಟ್, ಕೊನೆಗೆ ಸರ್ವರ್ ವಿಳಾಸದ ಪಕ್ಕ 'ಕೀ 1'. ಎಡವುವುದು ಈ ಕೊನೆಯದರಲ್ಲೇ. 'ಕೀ 1' ಬಿಟ್ಟುಹೋದರೂ ಸ್ವಿಚ್ ಸಮಯ ಹೊಂದಿಸಿಕೊಳ್ಳುತ್ತದೆ, ಆದರೆ ಯಾವ ಪರೀಕ್ಷೆಯೂ ಇಲ್ಲದೆ. ಇನ್ನೊಂದು ಎಡವಟ್ಟು: ರನ್ನಿಂಗ್ ಕಾನ್ಫಿಗ್‌ನಲ್ಲಿ ಕಾಣುವ ಟೈಪ್ 7 ಅಕ್ಷರಗಳನ್ನೇ ಕ್ರೋನಿಯ ಕೀಲಿ ಫೈಲಿಗೆ ಅಂಟಿಸುವುದು. ಅದು ಕಲಸಿದ ರೂಪ; ಮೂಲ ಕೀಲಿಯನ್ನೇ ಬರೆಯಬೇಕು.

ನಿಜಕ್ಕೂ ಸಹಿ ಬೀಳುತ್ತಿದೆಯೇ ಎಂದು ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಹೇಳಿಬಿಡುತ್ತದೆ. ಬರಿಯ ಎನ್‌ಟಿಪಿ ಪ್ಯಾಕೆಟ್ 48 ಬೈಟ್. ಎಂಡಿ5 (ಸಹಿ ಲೆಕ್ಕ ಹಾಕುವ ಒಂದು ವಿಧಾನ) ಕೀಲಿ ಸೇರಿದರೆ ಕೀಲಿ ನಂಬರಿಗೆ 4, ಸಹಿಗೆ 16, ಒಟ್ಟು 68. ಎಸ್‌ಎಚ್‌ಎ-1 ಆದರೆ 72. ಎರಡೂ ತುದಿಯಲ್ಲಿ ಕ್ರೋನಿ ಇದ್ದರೆ ಎಂಡಿ5 ಬೇಡವೇ ಬೇಡ, ಎಇಎಸ್128 ಹಾಕಿ.

ಈ ವಿಧಾನದ ನೋವು ಕೀಲಿ ಹಂಚುವುದರಲ್ಲಿದೆ. ಐವತ್ತು ಸ್ವಿಚ್‌ಗೂ ಒಂದೇ ಕೀಲಿಯಾದರೆ, ಒಂದರಿಂದ ಸೋರಿದರೆ ಐವತ್ತಕ್ಕೂ ಅಪಾಯ.

ಎನ್‌ಟಿಎಸ್ (ಆರ್‌ಎಫ್‌ಸಿ 8915, 2020) ಆ ಹಂಚಿಕೆಯನ್ನೇ ತಪ್ಪಿಸುತ್ತದೆ. ಟಿಸಿಪಿ 4460ರಲ್ಲಿ ಟಿಎಲ್‌ಎಸ್ (ಸರ್ಟಿಫಿಕೇಟ್ ನೋಡಿ ಕಟ್ಟುವ ಗೂಢ ಸಂಪರ್ಕ) ಮೂಲಕ ಕೀಲಿ ಮತ್ತು ಕುಕಿ (ಸರ್ವರಿಗೆ ಮರಳಿ ತೋರಿಸುವ ಗುರುತುಚೀಟಿ) ಪಡೆದು, ಆಮೇಲೆ ಎಂದಿನಂತೆ ಯುಡಿಪಿ 123. ಕ್ರೋನಿ 4.0 ಅಥವಾ ಹೊಸದರಲ್ಲಿ, ಎನ್‌ಟಿಎಸ್ ಕೊಡುವ ಸರ್ವರಿನ ಸಾಲಿಗೆ 'ಎನ್‌ಟಿಎಸ್' ಸೇರಿಸಿದರೆ ಮುಗಿಯಿತು. ಆದರೆ ಹಳೆಯ ಸ್ವಿಚ್‌ಗಳಿಗೆ ಇದು ಗೊತ್ತೇ ಇಲ್ಲ.

ಪೈ 4ರಲ್ಲಿ ಬೇರೆಯೇ ಕಗ್ಗಂಟು. ಅದಕ್ಕೆ ಬ್ಯಾಟರಿ ಗಡಿಯಾರವಿಲ್ಲ. ತಿಂಗಳುಗಟ್ಟಲೆ ಆಫ್ ಇದ್ದು ಎದ್ದಾಗ ಅದರ ತಾರೀಖು ಹಳೆಯದು; ಸರ್ವರಿನ ಹೊಸ ಸರ್ಟಿಫಿಕೇಟ್ 'ಇನ್ನೂ ಜಾರಿಗೆ ಬಂದಿಲ್ಲ' ಎನಿಸಿ ತಿರಸ್ಕಾರವಾಗುತ್ತದೆ. ಸಮಯ ಸರಿಯಾಗಲು ಸರ್ಟಿಫಿಕೇಟ್ ಬೇಕು, ಸರ್ಟಿಫಿಕೇಟ್ ಒಪ್ಪಲು ಸಮಯ ಬೇಕು. ಕ್ರೋನಿಯಲ್ಲಿ 'ನೋಸರ್ಟ್‌ಟೈಮ್‌ಚೆಕ್ 1' ಹಾಕಿದರೆ ಮೊದಲ ಹೊಂದಾಣಿಕೆಯವರೆಗೆ ತಾರೀಖು ನೋಡುವುದಿಲ್ಲ. ಅಷ್ಟು ಹೊತ್ತು ಅವಧಿ ಮುಗಿದ ಸರ್ಟಿಫಿಕೇಟೂ ನುಸುಳಬಹುದು, ಹಾಗಾಗಿ ಅಗ್ಗದ ಆರ್‌ಟಿಸಿ (ಬ್ಯಾಟರಿ ಗಡಿಯಾರ) ಮಾಡ್ಯೂಲ್ ಹಾಕುವುದೇ ಮೇಲು.

ಭದ್ರತೆಯ ಸ್ಥಿತಿ ತೋರಿಸುವ 'ಕ್ರೋನಿಸಿ ಆಥ್‌ಡೇಟಾ' ಆಜ್ಞೆಯನ್ನು ಓದಲು ಕಲಿಯಿರಿ. ಕುಕ್ (ಕೈಯಲ್ಲಿರುವ ಕುಕಿಗಳ ಸಂಖ್ಯೆ) ಕಾಲಂನಲ್ಲಿ 8 ಇದ್ದರೆ ಆರೋಗ್ಯ ಚೆನ್ನಾಗಿದೆ. ಸಿಲೆನ್ (ಕುಕಿಯ ಉದ್ದ) ಸೊನ್ನೆಯಲ್ಲ, ಆದರೂ 'ಕ್ರೋನಿಸಿ ಸೋರ್ಸಸ್'ನಲ್ಲಿ ರೀಚ್ (ಕೊನೆಯ ಎಂಟು ವಿಚಾರಣೆಗಳಿಗೆ ಉತ್ತರ ಬಂದ ದಾಖಲೆ) 0 ಎಂದರೆ ಟಿಎಲ್‌ಎಸ್ ಗೆದ್ದಿದೆ, ಎನ್‌ಟಿಪಿ ಪ್ಯಾಕೆಟ್ ದಾರಿಯಲ್ಲಿ ಸತ್ತಿದೆ. ಎನ್‌ಟಿಪಿ ದುರ್ಬಳಕೆ ತಡೆಯಲೆಂದು ಉದ್ದನೆಯ 123 ಪ್ಯಾಕೆಟ್‌ಗಳನ್ನು ಕೆಲವು ಜಾಲಗಳು ಬೀಳಿಸುತ್ತವೆ. ನಿಮ್ಮ ಫೈರ್‌ವಾಲ್ ಸರಿಯಿದ್ದೂ ಹೀಗಾದರೆ ಬೇರೆ ಸರ್ವರ್ ಹಿಡಿಯಿರಿ.

ನಮ್ಮ ಆಯ್ಕೆ: ಹೊರಗಿನಿಂದ ಡೆಬಿಯನ್‌ಗೆ ಎನ್‌ಟಿಎಸ್, ಅಲ್ಲಿಂದ ಒಳಗಿನ ಸ್ವಿಚ್‌ಗಳಿಗೆ ಕೀಲಿ. ಕ್ರೋನಿಯಲ್ಲಿ 'ಆಥ್‌ಸೆಲೆಕ್ಟ್‌ಮೋಡ್ ರಿಕ್ವೈರ್' ಹಾಕಿ, ಭದ್ರತೆಯಿಲ್ಲದೆ ಉಳಿದುಹೋದ ಪೂಲ್ (ಸಾರ್ವಜನಿಕ ಸರ್ವರ್ ಗುಂಪು) ಸಾಲುಗಳ ಮೇಲೆ ಭರವಸೆ ಇಡದಂತಾಗುತ್ತದೆ. ಕೊನೆಗೆ ಸ್ವಿಚ್‌ನ ಕೀಲಿಯಲ್ಲಿ ಬೇಕೆಂದೇ ಒಂದಕ್ಷರ ತಪ್ಪಿಸಿ ನೋಡಿ. ಪೋಲ್ (ಸಮಯ ಕೇಳುವ ಅಂತರ) 64 ಸೆಕೆಂಡಾದರೆ ಎಂಟು ಪೋಲ್, ಅಂದರೆ ಸುಮಾರು ಒಂಬತ್ತು ನಿಮಿಷದಲ್ಲಿ ಸ್ವಿಚ್‌ನ ರೀಚ್ 377ರಿಂದ (ಎಂಟಕ್ಕೂ ಉತ್ತರ ಬಂದಿದೆ ಎಂದರ್ಥ) 0ಗೆ ಇಳಿಯಬೇಕು. ಇಳಿಯದೆ 377ರಲ್ಲೇ ನಿಂತರೆ, ಆ 'ಕೀ 1' ಎಲ್ಲಿ ಬಿಟ್ಟಿದೆ ಎಂದು ಹುಡುಕಿ.