ಮುಂಬೈಯಲ್ಲಿ ಹಳೇ ಫ್ಲಾಟ್ ಕೊಳ್ಳುವಾಗ: ಏಜೆಂಟರೋ, ಬ್ಯಾಂಕಿನ ವಕೀಲರೋ, ಸ್ವಂತ ವಕೀಲರೋ?

ಮುಂಬೈಯಲ್ಲಿ ಹಳೇ ಫ್ಲಾಟಿನ ಕಾಗದಪತ್ರಕ್ಕೆ ಜನ ಮೂರು ದಾರಿ ಹಿಡಿಯುತ್ತಾರೆ: ಸಬ್ ರಿಜಿಸ್ಟ್ರಾರ್ ಕಚೇರಿಯ ಆಸುಪಾಸಿನ ನೋಂದಣಿ ಏಜೆಂಟರು, ಸಾಲ ಕೊಡುವ ಬ್ಯಾಂಕಿನ ಪ್ಯಾನೆಲ್ ವಕೀಲರು, ನಾವೇ ಫೀಸು ಕೊಟ್ಟು ನೇಮಿಸಿಕೊಳ್ಳುವ ವಕೀಲರು. ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಮಾತು ಇಷ್ಟೇ: ಹಕ್ಕಿನ ತಪಾಸಣೆ, ಅಗ್ರಿಮೆಂಟಿನ ಕರಡು ಸ್ವಂತ ವಕೀಲರ ಕೈಯಲ್ಲಿರಲಿ. ಕೌಂಟರಿನ ಓಡಾಟಕ್ಕೆ ಮಾತ್ರ ಏಜೆಂಟರು ಸಾಕು.

ಊರಿನ ರೂಢಿ ಇಲ್ಲಿ ನಡೆಯುವುದಿಲ್ಲ ಅನ್ನುವುದೇ ಇದಕ್ಕೆ ಮುಖ್ಯ ಕಾರಣ. ಕರ್ನಾಟಕದಲ್ಲಿ ಕರಾರಿಗೆ ಸಣ್ಣ ಸುಂಕ, ದೊಡ್ಡ ಮೊತ್ತ ಕಟ್ಟುವುದು ಕ್ರಯಪತ್ರಕ್ಕೆ. ಮುಂಬೈಯಲ್ಲಿ ಮಾರಾಟದ ಕರಾರು, ಅಂದರೆ ಅಗ್ರಿಮೆಂಟ್ ಫಾರ್ ಸೇಲ್‌ಗೇ ಪೂರ್ತಿ ಸ್ಟ್ಯಾಂಪ್ ಡ್ಯೂಟಿ ಬೀಳುತ್ತದೆ. ಮುಂಬೈ ನಗರದಲ್ಲಿ ಶೇ. 6, ಠಾಣೆ–ಡೊಂಬಿವಲಿ ಕಡೆ ಶೇ. 7; ಮನೆ ಹೆಣ್ಣುಮಕ್ಕಳ ಹೆಸರಿನಲ್ಲೇ ಆದರೆ ಶೇ. 1 ಕಡಿಮೆ. ನೋಂದಣಿ ಶುಲ್ಕ ಶೇ. 1, ಆದರೆ 30,000 ರೂಪಾಯಿ ದಾಟುವುದಿಲ್ಲ. 80 ಲಕ್ಷಕ್ಕೆ ಮುಲುಂಡಿನಲ್ಲಿ ಫ್ಲಾಟ್ ಕೊಂಡರೆ ಮೊದಲ ಸಹಿಯ ಹೊತ್ತಿಗೇ 4.80 ಲಕ್ಷ ಸರ್ಕಾರಕ್ಕೆ ಹೋಗಿರುತ್ತದೆ. ಸರ್ಕಾರ ಗೊತ್ತುಮಾಡಿದ ರೆಡಿ ರೆಕನರ್ ದರ ಕೊಂಡ ಬೆಲೆಗಿಂತ ಹೆಚ್ಚಿದ್ದರೆ ಸುಂಕದ ಲೆಕ್ಕ ಅದರ ಮೇಲೆ. ತಪ್ಪುಗಳನ್ನು ಆಮೇಲೆ ಕ್ರಯಪತ್ರದಲ್ಲಿ ಸರಿಮಾಡಿಕೊಂಡರಾಯಿತು ಅನ್ನುವ ಹಾಗಿಲ್ಲ. ಊರಿನಲ್ಲಿ ಕೇಳುವ ಇಸಿ (ಋಣಭಾರ ಪತ್ರ), ಖಾತೆ ಎಂದು ಕೇಳಿದರೆ ಇಲ್ಲಿ ಯಾರಿಗೂ ಅರ್ಥವಾಗುವುದೂ ಇಲ್ಲ. ನೋಡಬೇಕಾದ್ದು ಇಂಡೆಕ್ಸ್ ಟೂ (ನೋಂದಣಿ ಕಚೇರಿ ಕೊಡುವ ವ್ಯವಹಾರದ ಸಾರಾಂಶ), ಮೊದಲ ಮಾಲೀಕರಿಂದ ಹಿಡಿದು ಎಲ್ಲ ಹಳೇ ಅಗ್ರಿಮೆಂಟುಗಳು, ಹೌಸಿಂಗ್ ಸೊಸೈಟಿಯ ಶೇರ್ ಸರ್ಟಿಫಿಕೇಟ್ (ಸದಸ್ಯತ್ವದ ಪತ್ರ), ನೋಂದಣಿ ದಾಖಲೆಗಳನ್ನು ಹುಡುಕಿ ಬರೆದ 30 ವರ್ಷದ ಸರ್ಚ್ ರಿಪೋರ್ಟ್.

ಏಜೆಂಟರ ಕೆಲಸ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಡೇಟಾ ಎಂಟ್ರಿ, ಚಲನ್, ಟೋಕನ್, ಹೆಬ್ಬೆಟ್ಟು, ಫೋಟೋ ಎಲ್ಲ ಒಂದೇ ಬೆಳಿಗ್ಗೆ ಮುಗಿಸಿಕೊಡುತ್ತಾರೆ. ಆದರೆ ಅವರ ಕರಡು ಅಚ್ಚಿನ ಪ್ರತಿ. ಬದಲಾಗುವುದು ಹೆಸರು, ಮೊತ್ತ, ಫ್ಲಾಟ್ ನಂಬರು ಮಾತ್ರ. ನೋಂದಣಿ ಕಚೇರಿ ಗುರುತು ಮತ್ತು ಸುಂಕ ನೋಡುತ್ತದೆಯೇ ಹೊರತು ಮಾರುವವರಿಗೆ ಪೂರ್ತಿ ಹಕ್ಕಿದೆಯೇ ಎಂದು ತೀರ್ಮಾನಿಸುವುದಿಲ್ಲ. ಹಾಗಾಗಿ ನೋಂದಣಿ ಆಯಿತು ಅಂದಮಾತ್ರಕ್ಕೆ ಹಕ್ಕು ಗಟ್ಟಿಯಾಯಿತು ಎಂದಲ್ಲ. ನಮ್ಮವರ ಹೆಸರಿನದೂ ಒಂದು ಗೋಳು: ಹಳೇ ಅಗ್ರಿಮೆಂಟಿನಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಮನೆತನದ ಹೆಸರು. ಡೇಟಾ ಎಂಟ್ರಿಯಲ್ಲಿ ಇದು ಎಡವಟ್ಟಾದರೆ ತಿದ್ದುಪಡಿ ಪತ್ರಕ್ಕೆ ಮಾರಿದವರನ್ನೂ ಮತ್ತೆ ಕಚೇರಿಗೆ ಕರೆಸಬೇಕು.

ಏಜೆಂಟರ ದಾರಿ ಪೂರ್ತಿ ಕೈಕೊಡುವುದು ಪವರ್ ಆಫ್ ಅಟಾರ್ನಿಯಲ್ಲಿ, ಅಂದರೆ ಮಾರುವವರ ಪರವಾಗಿ ಬೇರೆಯವರು ಸಹಿ ಹಾಕಲು ಕೊಡುವ ಅಧಿಕಾರಪತ್ರದಲ್ಲಿ. ಮುಂಬೈ ಕನ್ನಡಿಗರ ಫ್ಲಾಟುಗಳಲ್ಲಿ ಇದು ತೀರಾ ಸಾಮಾನ್ಯ. ಮಾರುವವರು ನಿವೃತ್ತರಾಗಿ ಉಡುಪಿ, ಕುಂದಾಪುರ ಸೇರಿರುತ್ತಾರೆ. ವಯಸ್ಸಾಗಿ ಪ್ರಯಾಣ ಆಗುವುದಿಲ್ಲ. ‘ಅಲ್ಲೇ ನೋಟರಿ ಮಾಡಿಸಿ ಕಳಿಸಿ’ ಎನ್ನುತ್ತಾರೆ ಏಜೆಂಟರು. ಆ ಕಾಗದ ಕೌಂಟರಿನಿಂದ ವಾಪಸ್ ಬರುತ್ತದೆ. ಮಾರುವವರು ತಾವಿರುವ ಊರಿನ ಸಬ್ ರಿಜಿಸ್ಟ್ರಾರ್ ಎದುರಿಗೇ ಸಹಿ ಹಾಕಿ, ಪತ್ರ ಅಲ್ಲಿ ನೋಂದಣಿಯಾಗಬೇಕು.

ಅಷ್ಟಕ್ಕೇ ಮುಗಿಯುವುದಿಲ್ಲ. ಪತ್ರ ಮಹಾರಾಷ್ಟ್ರಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಲೆಕ್ಕದ ಸ್ಟ್ಯಾಂಪ್ ಡ್ಯೂಟಿ ತುಂಬಬೇಕು. ಅಧಿಕಾರ ಕೊಟ್ಟಿರುವುದು ಮಗಳಿಗೋ ತಮ್ಮನಿಗೋ ಆದರೆ ಆ ಮೊತ್ತ ಚಿಕ್ಕದು. ಪಕ್ಕದ ಮನೆಯವರಿಗೋ ಗೆಳೆಯರಿಗೋ ಮಾರುವ ಅಧಿಕಾರ ಕೊಟ್ಟಿದ್ದರೆ, ಫ್ಲಾಟನ್ನೇ ಮಾರಿದಂತೆ ಮಾರುಕಟ್ಟೆ ಬೆಲೆಯ ಮೇಲೆ ಸುಂಕ ಬೀಳುತ್ತದೆ. ಪತ್ರ ಕನ್ನಡದಲ್ಲಿದ್ದರೆ ಇಲ್ಲಿ ಅನುವಾದದ ತಕರಾರು ಬೇರೆ, ಆದ್ದರಿಂದ ಇಂಗ್ಲಿಷಿನಲ್ಲೇ ಬರೆಸಿ. ‘ಮಾರುವ’ ಜೊತೆಗೆ ‘ನೋಂದಣಿಗೆ ಹಾಜರುಪಡಿಸುವ’, ‘ಹಣ ಪಡೆಯುವ’ ಅಧಿಕಾರಗಳನ್ನೂ ಬಿಡಿಬಿಡಿಯಾಗಿ ಬರೆಸಬೇಕು.

ನೋಂದಣಿಯ ದಿನ, ಅಧಿಕಾರ ಕೊಟ್ಟವರು ಬದುಕಿದ್ದಾರೆ, ಪತ್ರ ರದ್ದಾಗಿಲ್ಲ ಎಂಬ ಘೋಷಣೆಯನ್ನೂ ಕೊಡಬೇಕಾಗುತ್ತದೆ. ಕೊಟ್ಟವರು ತೀರಿಕೊಂಡರೆ ಆ ಅಧಿಕಾರವೂ ಅಲ್ಲಿಗೆ ಮುಗಿಯಿತು. ಹಿರಿಯರ ವಿಷಯದಲ್ಲಿ ಇದು ಬರೀ ಔಪಚಾರಿಕ ಮಾತಲ್ಲ: ಹಿಂದಿನ ಸಂಜೆ ವಿಡಿಯೋ ಕಾಲ್ ಮಾಡಿ ಮಾತಾಡಿಸಿಯೇ ನಾನು ದುಡ್ಡು ಬಿಡುವುದು. ಸ್ವಂತ ವಕೀಲರಿದ್ದರೆ ಟೋಕನ್ ಹಣ (ಮುಂಗಡ) ಕೊಡುವ ಮುಂಚೆಯೇ ಈ ಪತ್ರದ ಕರಡನ್ನು ಊರಿಗೆ ಕಳಿಸಿರುತ್ತಾರೆ. ಅವರ ಫೀಸು ಅಲ್ಲಿಗೇ ವಸೂಲಾಗುತ್ತದೆ.

ಬ್ಯಾಂಕಿನ ವಕೀಲರು ಹಕ್ಕಿನ ದಾಖಲೆಗಳನ್ನು ಚೆನ್ನಾಗಿಯೇ ನೋಡುತ್ತಾರೆ, ಆದರೆ ನೋಡುವುದು ಬ್ಯಾಂಕಿನ ಪರವಾಗಿ. ಸಾಲ ಮಂಜೂರಾಗದಿದ್ದರೆ ಟೋಕನ್ ವಾಪಸ್ ಬರುತ್ತದೆಯೇ, ಕೀಲಿಕೈ ಯಾವ ದಿನ, ಸೊಸೈಟಿಯ ಬಾಕಿ ಯಾರ ತಲೆಗೆ, ಇವೆಲ್ಲ ಅವರ ಕೆಲಸವಲ್ಲ. ಅವರ ವರದಿ ಬರುವ ಹೊತ್ತಿಗೆ ನಮ್ಮ ಟೋಕನ್ ಹೋಗಿಯೂ ಆಗಿರುತ್ತದೆ.

ಸ್ವಂತ ವಕೀಲರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು: ಶೇರ್ ಸರ್ಟಿಫಿಕೇಟಿನ ಹಿಂಬದಿಯಲ್ಲಿ ಈಗಿನವರ ಹೆಸರು ಬಂದದ್ದು ಖರೀದಿಯಿಂದಲೋ ನಾಮಿನಿಯಾಗಿಯೋ? ಗಂಡ ತೀರಿಕೊಂಡ ಮೇಲೆ ಸೊಸೈಟಿ ಹೆಂಡತಿಯ ಹೆಸರು ಬರೆದಿದ್ದರೆ ಫ್ಲಾಟ್ ಪೂರ್ತಿ ಅವರದೇ ಆಯಿತು ಎಂದಲ್ಲ. ಮಕ್ಕಳಿಗೂ ಪಾಲಿದೆ. ಅವರು ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿಕೊಡಬೇಕು, ಇಲ್ಲವೇ ಮಾರಾಟಕ್ಕೆ ಅವರೂ ಸಹಿ ಹಾಕಬೇಕು. ಪತ್ರಿಕೆಯಲ್ಲಿ ಪಬ್ಲಿಕ್ ನೋಟಿಸ್ ಹಾಕಿಸಿ ತಕರಾರಿಗೆ ಅವಧಿ ಕೊಡುವುದೂ ಇದೇ ಹಂತದಲ್ಲಿ.

ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಬಗ್ಗೆ ಒಂದೇ ಮಾತು: ಬೆಲೆ 50 ಲಕ್ಷ ಮುಟ್ಟಿದರೆ ಶೇ. 1 ಹಿಡಿದು ಕಟ್ಟುವುದು ಕೊಳ್ಳುವವರ ಹೊಣೆ, ಮಾರುವವರು ದುಬೈಯಲ್ಲೋ ಮಸ್ಕತ್‌ನಲ್ಲೋ ನೆಲೆಸಿದ ಅನಿವಾಸಿಗಳಾದರೆ ಈ ಶೇ. 1ರ ಲೆಕ್ಕ ಅನ್ವಯಿಸುವುದಿಲ್ಲ, ದರ ಬಹಳ ಹೆಚ್ಚು. ಹೆಸರು ಬದಲಾಯಿಸಲು ಸೊಸೈಟಿ ತೆಗೆದುಕೊಳ್ಳುವ ಟ್ರಾನ್ಸ್‌ಫರ್ ಪ್ರೀಮಿಯಂ 25,000 ರೂಪಾಯಿ ಮೀರುವಂತಿಲ್ಲ. ‘ದೇಣಿಗೆ’ ಕೇಳಿದರೆ ಲಿಖಿತವಾಗಿ ಕೊಡಿ ಎನ್ನಿ.

ಬಿಲ್ಡರಿಂದ ನೇರ ಹೊಸ ಫ್ಲಾಟ್ ಕೊಳ್ಳುವವರು ವಕೀಲರಿಂದ ಅಗ್ರಿಮೆಂಟ್ ಒಮ್ಮೆ ಓದಿಸಿದರೆ ಸಾಕು. ಹಳೇ ಫ್ಲಾಟಿಗೆ ಬಜೆಟ್ ಬಿಗಿಯಿದ್ದರೆ, ನೋಂದಣಿಯ ದಿನ ವಕೀಲರು ಬಂದು ನಿಲ್ಲುವ ಫೀಸನ್ನು ಉಳಿಸಿ. ಸರ್ಚ್ ಮತ್ತು ಕರಡಿನದನ್ನಲ್ಲ. ಫ್ಲಾಟಿನ ಬೆಲೆಯ ಮೇಲೆ ಶೇಕಡಾವಾರು ಕೇಳುವವರನ್ನು ನಾನು ಹಿಡಿಯುವುದಿಲ್ಲ. ಮೊತ್ತ ಮೊದಲೇ ನಿಗದಿಯಾಗಲಿ, ಅದರಲ್ಲಿ ಶೇರ್ ಸರ್ಟಿಫಿಕೇಟಿನ ಮೇಲೆ ನಿಮ್ಮ ಹೆಸರು ಏರಿಸುವ ಅರ್ಜಿಯ ಕೆಲಸವೂ ಸೇರಿರಲಿ.